ಮೇಷ್ಟ್ರ ನಲವತ್ತು ಸೆಕೆಂಡು

ಆ ನಲವತ್ತು ಸೆಕೆಂಡಿನ ಮಾತು ಬರೆದವರು ಯಾರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ. ನಾನು ಹಲ್ಲು ಕಿರಿದು ಸುಮ್ಮನಾಗುತ್ತೇನೆ. ಇಪ್ಪತ್ತು ವರ್ಷ ಒಂದೇ ಧಾರಾವಾಹಿಗೆ ಸಂಭಾಷಣೆ ಬರೆದು ಬೆರಳು ಸವೆಸಿಕೊಂಡ ಮೇಲೆ, ಜನ ನೆನಪಿಟ್ಟುಕೊಂಡದ್ದು ಒಂದೇ ಒಂದು ಮಾತು, ಅದೂ ನನ್ನದಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತದೆ. ಆದರೆ ಈ ಸಲ ಹೊಟ್ಟೆಕಿಚ್ಚಿಗಿಂತ ನಾಚಿಕೆ ಹೆಚ್ಚಾಗಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಆ ಮಾತು ನಮ್ಮ ಪ್ರಾಂಪ್ಟರ್ ಅವರದು. ಪ್ರಾಂಪ್ಟರ್ ಅಂದರೆ ಏನು ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ದಿನಕ್ಕೊಂದು ಕಂತು ಹೋಗುವ ಧಾರಾವಾಹಿಯಲ್ಲಿ ನಟರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತೆಲ್ಲಿ? ನಾನು ಬೆಳಿಗ್ಗೆ ಬರೆದದ್ದನ್ನು ಅವರು ಮಧ್ಯಾಹ್ನ ಆಡಬೇಕು. ಹಾಗಾಗಿ ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಬ್ಬರು ಹಾಳೆ ಹಿಡಿದು ಕೂತು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರೆ. ನಟರು ಅದನ್ನು ಕೇಳಿಸಿಕೊಂಡು, ಅಳು ಬೇಕಾದಲ್ಲಿ ಅಳು, ಸಿಟ್ಟು ಬೇಕಾದಲ್ಲಿ ಸಿಟ್ಟು ಬೆರೆಸಿ ಹೇಳುತ್ತಾರೆ. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ನಟರ ದನಿಗಳನ್ನು ಹೊಸದಾಗಿ ಸೇರಿಸುವಾಗ, ಓದಿದವರ ದನಿಯನ್ನು ಪೂರ್ತಿ ಅಳಿಸಿಹಾಕುತ್ತಾರೆ.

ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಉಕ್ತಲೇಖನ ಕೊಡುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದರಿಂದ ಯಾರೋ ಇಟ್ಟ ಹೆಸರು ಅಂಟಿಕೊಂಡಿತು. ಅವರ ಓದಿನಲ್ಲಿ ಒಂದು ಕಟ್ಟುನಿಟ್ಟು ಇತ್ತು: ಭಾವ ಬೆರೆಸಬಾರದು. ಪ್ರಾಂಪ್ಟರ್ ಅತ್ತರೆ ನಟರು ಅವನ ಅಳುವನ್ನೇ ನಕಲು ಮಾಡುತ್ತಾರೆ, ತಮ್ಮ ಅಳು ಮರೆತುಬಿಡುತ್ತಾರೆ ಎನ್ನುತ್ತಿದ್ದರು. ಹಾಗಾಗಿ 'ಅಯ್ಯೋ ಮಗನೇ, ನನ್ನನ್ನು ಬಿಟ್ಟು ಹೋಗಬೇಡವೋ' ಎಂಬ ಸಾಲನ್ನೂ, 'ಟೀಗೆ ಸಕ್ಕರೆ ಎಷ್ಟು?' ಎಂಬ ಸಾಲನ್ನೂ ಒಂದೇ ದನಿಯಲ್ಲಿ ಓದುತ್ತಿದ್ದರು. ಆ ದನಿ ಅವರಿಗೆ ಬಂದದ್ದು ಭಾವನಿಂದ. ಅಕ್ಕನ ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದರು. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಹೇಳುವ ಕೆಲಸ. ಅಪ್ಪ ಅಮ್ಮ ಬೇಗ ಹೋದ ಮೇಲೆ ಮೇಷ್ಟ್ರನ್ನು ಸಾಕಿದ್ದು ಅಕ್ಕ ಭಾವ. ಶಾಲೆ ಮುಗಿಸಿ ಬಂದ ಹುಡುಗನನ್ನು ಭಾವ ಮೈಕಿನ ಮುಂದೆ ಕೂರಿಸಿಕೊಂಡು, 'ನಿಧಾನ. ಕೊನೇ ಅಕ್ಷರ ನುಂಗಬೇಡ. ನಿಂಗೆ ಬೇಜಾರಾಗಿದೆ ಅಂತ ಬಸ್ಸಿಗೆ ಗೊತ್ತಾಗ್ಬಾರ್ದು' ಎಂದು ಕಲಿಸಿದ್ದರಂತೆ.

ಮದುವೆ ಯಾಕೋ ಆಗಲಿಲ್ಲ. ಔಷಧದ ಅಂಗಡಿಯ ಮೇಲೆ ಒಂದೇ ಕೋಣೆಯಲ್ಲಿ ಇದ್ದರು. ಒಂದು ಸಲ ಹಾಳೆ ಒಯ್ಯಲು ಅವರು ನನ್ನ ಮನೆಗೆ ಬರುವ ಬದಲು ನಾನೇ ಕೊಡಲು ಹೋಗಿಬಿಟ್ಟಿದ್ದೆ, ಆಗ ನೋಡಿದ್ದು. ಒಂದು ಕುರ್ಚಿ, ಒಂದು ಲೋಟ, ಗೋಡೆಗೆ ಒರಗಿಸಿದ ಹಳೆಯ ಸ್ಕ್ರಿಪ್ಟ್‌ಗಳ ಅಟ್ಟಿ. ನಾನು ಕುರ್ಚಿಯಲ್ಲಿ ಕೂತ ಮೇಲೆ ಅವರು ನಿಂತೇ ಇದ್ದರು. ಶನಿವಾರ ಸಂಜೆ ಚಿತ್ರೀಕರಣ ಮುಗಿದ ಮೇಲೆ ಸೋಮವಾರ ಬೆಳಿಗ್ಗೆವರೆಗೆ ಒಂದು ಮಾತೂ ಆಡುವ ಪ್ರಸಂಗ ಬರುವುದಿಲ್ಲವಾದ್ದರಿಂದ, ಸೋಮವಾರ ಹಲ್ಲುಜ್ಜುವಾಗ ನಲ್ಲಿಯ ಮುಂದೆ ನಿಂತು 'ಒಂದು, ಎರಡು, ಮೂರು' ಎಂದು ಗಂಟಲು ಸರಿಮಾಡಿಕೊಳ್ಳುತ್ತೇನೆ ಎಂದು ನಗುತ್ತಾ ಹೇಳಿದರು. ಗೋಳು ತೋಡಿಕೊಳ್ಳುವ ಜನವಲ್ಲ. ದನಿ ಕಾಪಾಡಿಕೊಳ್ಳುವ ಉಪಾಯ ಹೇಳುವ ಹಾಗೆ ಹೇಳಿದ್ದು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಭಾನುವಾರ ಮಾತಿಲ್ಲದೆ ಕಳೆಯುವುದು ಅವರಿಗೆ ಮೊದಲಿಂದ ಇದ್ದದ್ದಲ್ಲ. ಹತ್ತು ವರ್ಷದ ಹಿಂದಿನವರೆಗೂ ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದರು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಸಂಜೆ ಏಳೂವರೆಗೆ ನಮ್ಮ ಧಾರಾವಾಹಿ ಶುರುವಾದರೆ ತಲೆ ಮೇಲೆ ತಲೆ ಬಿದ್ದರೂ ಏಳುತ್ತಿರಲಿಲ್ಲ. ಭಾನುವಾರ ತಮ್ಮ ಬಂದ ಕೂಡಲೇ ವಾರದ ಲೆಕ್ಕಪರಿಶೋಧನೆ: 'ಆ ಸೊಸೆಗೆ ಬುದ್ಧಿ ಇಲ್ವಾ? ನಿಮ್ಮ ರೈಟರ್ ಮನೇಲಿ ಹೆಂಗಸರೇ ಇಲ್ವೇನೋ?' ಈ ಪ್ರಶ್ನೆ ಮೇಷ್ಟ್ರ ಮೂಲಕ ಸೋಮವಾರ ನನಗೆ ತಲುಪುತ್ತಿತ್ತು. ಇನ್ನೊಂದು ಮಾತನ್ನೂ ಅಕ್ಕ ಹೇಳುತ್ತಿದ್ದರಂತೆ: ಯಾವ ನಟರು ಮಾತಾಡಿದರೂ ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುವುದು ನಿನ್ನ ಥರಾನೇ; ಕಣ್ಣು ಮುಚ್ಚಿಕೊಂಡರೆ ನೀನೇ ಪಕ್ಕದಲ್ಲಿ ಕೂತು ಓದಿದ ಹಾಗೆ ಇರುತ್ತೆ. ಅಳಿಸಿಹೋದ ದನಿಯನ್ನು ಗುರುತು ಹಿಡಿದವರು ಈ ಲೋಕದಲ್ಲಿ ಆಕೆ ಒಬ್ಬರೇ.

ಇಲ್ಲಿ ನಮ್ಮ ವಿಶೇಷ ಸಂಚಿಕೆಗಳ ವಿಷಯ ಹೇಳಬೇಕು. ಮನುಷ್ಯರಿಗೆ ವರ್ಷ ತುಂಬಿದರೆ ಒಂದು ಕೇಕು ಕತ್ತರಿಸಿ ಸುಮ್ಮನಾಗಬಹುದು. ಧಾರಾವಾಹಿಗೆ ವರ್ಷ ತುಂಬಿದರೆ ಒಳಗಿನ ಯಾರಿಗಾದರೂ ಗ್ರಹಚಾರ ಕಾದಿದೆ ಅಂತಲೇ. ನೂರನೇ ಕಂತಿಗೆ ಕಿರಿಸೊಸೆಗೆ ನೆನಪು ಹೋಯಿತು. ಐನೂರಕ್ಕೆ ವಾಪಸ್ಸು ಬಂತು. ಸಾವಿರಕ್ಕೆ ಮನೆಗೆ ಬೆಂಕಿ ಬಿದ್ದು ಹಿರಿಮಗ ಹೋದ. ಐದನೇ ವರ್ಷಕ್ಕೆ ಒಂದೇ ದಿನ ಮೂರು ಮದುವೆ ಮಾಡಿಸಿದೆವು, ಎರಡನ್ನು ಅವತ್ತೇ ಮುರಿದೆವು. ಇದೆಲ್ಲ ಬರೆದ ಪಾಪಿ ನಾನೇ. ಪ್ರತಿ ಸಲವೂ ಕೊನೆಗೆ ತಂಡದ ಫೋಟೋ ಇರುತ್ತದೆ. ಇಪ್ಪತ್ತು ವರ್ಷದ ಯಾವ ಫೋಟೋದಲ್ಲೂ ಮೇಷ್ಟ್ರಿಲ್ಲ. ಎಲ್ಲರೂ ಸಾಲಾಗಿ ನಿಂತಾಗ ಅವರು ಅಭ್ಯಾಸಬಲದಿಂದ ಕ್ಯಾಮೆರಾದ ಪಕ್ಕಕ್ಕೆ ಸರಿದು ನಿಂತಿರುತ್ತಿದ್ದರು.

ಹತ್ತನೇ ವರ್ಷದ ಸಂಚಿಕೆಗೆ, ಬೆಂಕಿಯಲ್ಲಿ ಸತ್ತ ಹಿರಿಮಗನನ್ನು ಬದುಕಿಸಿ ತರುವುದೆಂದು ತೀರ್ಮಾನವಾಯಿತು. ಸುದ್ದಿ ಸೋರಬಾರದು. ಮೂರು ದಿನ ಸ್ಟುಡಿಯೋ ಬಾಗಿಲಲ್ಲೇ ಎಲ್ಲರ ಫೋನು ಕಸಿದು ಒಂದು ಬುಟ್ಟಿಗೆ ಹಾಕಿದರು. ಮೂರನೇ ದಿನ ಮೇಷ್ಟ್ರ ಭಾವ ತೀರಿಕೊಂಡರು. ಕೆಲವು ತಿಂಗಳಿಂದ ಹಾಸಿಗೆ ಹಿಡಿದಿದ್ದವರು, ಅವತ್ತು ಬೆಳಿಗ್ಗೆಯಿಂದ ಕೈ ಮೀರಿತ್ತಂತೆ. ಮೇಷ್ಟ್ರು ಅಲ್ಲಿ ಹೋಗಿ ಮುಟ್ಟಿದ್ದು ಸಂಜೆ ಏಳಕ್ಕೆ. ಬಾಗಿಲಲ್ಲಿ ನಿಂತ ಅಕ್ಕನಿಗೆ, 'ಫೋನು ಕಿತ್ಕೊಂಡಿದ್ರು ಅಕ್ಕಾ, ನಂಗೆ ಗೊತ್ತೇ ಆಗ್ಲಿಲ್ಲ' ಎಂದರಂತೆ. ಅಕ್ಕ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಬಾಗಿಲು ಹಾಕಿಕೊಂಡರು. ಆಮೇಲೆ ಎಷ್ಟು ಸಲ ಹೋದರೂ, ಕಾಗದ ಬರೆದರೂ ಆ ಬಾಗಿಲು ತೆರೆಯಲಿಲ್ಲ. ವರ್ಷ ಎರಡಾದ ಮೇಲೆ ಮೇಷ್ಟ್ರು ಹೋಗುವುದನ್ನೇ ಬಿಟ್ಟರು.

ಆದರೆ ಒಂದು ನಂಬಿಕೆ ಬಿಡಲಿಲ್ಲ. 'ಮಾತಾಡ್ದೇ ಇದ್ರೂ ನೋಡ್ತಾ ಇರ್ತಾಳೆ ರೈಟ್ರೇ. ಏಳೂವರೆ ತಪ್ಸಲ್ಲ ನಮ್ಮಕ್ಕ' ಎಂದು ಒಮ್ಮೆ ಹೇಳಿದ್ದರು. ಹಾಳೆ ಹಿಡಿದು ಓದುವಾಗ ಅವರು ಓದುತ್ತಿದ್ದದ್ದು ಅಕ್ಕನಿಗೆ. ಇವತ್ತು ಓದಿದ್ದು ಎರಡು ದಿನ ಬಿಟ್ಟು ಬೇರೆಯವರ ಬಾಯಿಂದ ಆಕೆಯ ಮನೆಗೆ ಹೋಗುತ್ತದೆ. ಅಷ್ಟೇ ಅವರ ಹೋಗುಬರುವಿಕೆ. ಅವರು ರಜೆ ಹಾಕದೇ ಇದ್ದದ್ದಕ್ಕೆ ಕಾರಣವೂ ಅದೇ ಇರಬೇಕು. ನಾವು ನಿಷ್ಠೆ ಅಂದುಕೊಂಡಿದ್ದೆವು.

ಇಪ್ಪತ್ತು ತುಂಬಿತು. ಚಾನೆಲ್ಲಿನವರು ಸಭೆ ಕರೆದು, ಈ ಸಲ ಒಂದು ಗಂಟೆಯ ಸಂಚಿಕೆ, ಅದೂ ನೇರಪ್ರಸಾರ ಎಂದರು. ಚಿತ್ರೀಕರಿಸಿ, ಕತ್ತರಿಸಿ, ದನಿ ಸೇರಿಸಿ ಕಳಿಸುವ ಕೆಲಸವಲ್ಲ. ಆಡಿದ್ದು ಆ ಕ್ಷಣಕ್ಕೇ ಮನೆಮನೆಗೆ ಹೋಗುತ್ತದೆ. ನಮ್ಮ ಡೈರೆಕ್ಟರ್ ಮುಖ ಬಿಳಿಚಿಕೊಂಡಿತು. ಅದಕ್ಕಿಂತ ಹೆಚ್ಚು ಹೆದರಿದವರು ಅಮ್ಮಾವ್ರು. ಮೊದಲ ಕಂತಿಂದ ಮನೆಯ ಯಜಮಾನಿಯ ಪಾತ್ರ ಮಾಡುತ್ತಾ, ಅಮ್ಮನಾಗಿ ಶುರುವಾಗಿ ಮುತ್ತಜ್ಜಿಯವರೆಗೆ ಬಡ್ತಿ ಪಡೆದ ಹಿರಿಯ ನಟಿ. ಆಕೆಗೆ ಮೇಷ್ಟ್ರ ಓದು ಎಷ್ಟು ಒಗ್ಗಿಹೋಗಿತ್ತೆಂದರೆ, ಕಿವಿಗೆ ಬಿದ್ದದ್ದು ಮನಸ್ಸಿಗೆ ಹೋಗುವ ಮೊದಲೇ ಬಾಯಿಂದ ಹೊರಗೆ ಬರುತ್ತಿತ್ತು. ಒಮ್ಮೆ ಆಸ್ಪತ್ರೆ ದೃಶ್ಯದಲ್ಲಿ ಮೇಷ್ಟ್ರು ಸಾಲಿನ ನಡುವೆ, 'ಅಮ್ಮಾ, ಸ್ವಲ್ಪ ಎಡಕ್ಕೆ ಬನ್ನಿ, ನೆರಳು ಬೀಳ್ತಿದೆ' ಎಂದರು. ಅಮ್ಮಾವ್ರು ಮಂಚದಲ್ಲಿ ಮಲಗಿದ್ದ ಸೊಸೆಯ ಕೈ ಹಿಡಿದು, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ, 'ಅಮ್ಮಾ, ಸ್ವಲ್ಪ ಎಡಕ್ಕೆ ಬನ್ನಿ, ನೆರಳು ಬೀಳ್ತಿದೆ' ಎಂದುಬಿಟ್ಟರು. ಸಾಯುತ್ತಿದ್ದ ಸೊಸೆ ಹೊಟ್ಟೆ ಹಿಡಿದು ನಕ್ಕಳು. ಅವತ್ತಿನ ಅರ್ಧ ದಿನ ಹಾಳಾಯಿತು.

'ಮೇಷ್ಟ್ರಿಲ್ದೆ ನಾನು ಬಾಯಿ ಬಿಡಲ್ಲ. ಬೇಕಾದ್ರೆ ನನ್ನ ಫೋಟೋ ಇಟ್ಕೊಂಡು ಮಾಡ್ಕೊಳ್ಳಿ' ಎಂದು ಅಮ್ಮಾವ್ರು ಹಟ ಹಿಡಿದರು. ಕೊನೆಗೆ ಆಕೆಯ ಕಿವಿಯೊಳಗೆ ಕಾಣದಂಥ ಪುಟ್ಟ ಇಯರ್‌ಫೋನು ಇಡುವುದು, ಮೇಷ್ಟ್ರು ಮರೆಯಲ್ಲಿ ಕೂತು ಮೈಕಿನಲ್ಲಿ ಓದುವುದು ಎಂದಾಯಿತು. ಅಡುಗೆಮನೆ ಸೆಟ್ಟಿನ ಹಿಂದೆ ಪ್ಲೈವುಡ್ ಹೊಡೆದು ಗೂಡಿನಂಥ ಒಂದು ಜಾಗ ಮಾಡಿಕೊಟ್ಟರು. ಒಳಗೆ ಎರಡು ಸ್ಟೂಲು, ಮೇಜಿನ ದೀಪ, ಅಂಗೈಯಗಲದ ಒಂದು ಟೀವಿ, ಮೈಕು, ಡೈರೆಕ್ಟರ್ ಮಾತು ಕೇಳಲು ನಮ್ಮಿಬ್ಬರಿಗೂ ಒಂದೊಂದು ಇಯರ್‌ಫೋನು. ಒಂದು ಸ್ಟೂಲಿನ ಮೇಲೆ ಮೇಷ್ಟ್ರು. ಇನ್ನೊಂದರ ಮೇಲೆ ನಾನು, ಯಾಕೆಂದರೆ ಕೊನೇ ಗಳಿಗೆಯಲ್ಲಿ ಏನಾದರೂ ಬದಲಾದರೆ ಅಲ್ಲೇ ಗೀಚಿ ಕೊಡಬೇಕಲ್ಲ.

ಐವತ್ತೆರಡು ನಿಮಿಷ ಎಲ್ಲ ಸರಾಗವಾಗಿ ಹೋಯಿತು. ಸತ್ತವರು, ಓಡಿಹೋದವರು, ಬೇರೆ ಚಾನೆಲ್ಲಿಗೆ ಹೋದವರು ಎಲ್ಲ ಹಳೇ ಮುಖಗಳೂ ಬಂದು ದೊಡ್ಡ ಮೇಜಿನ ಸುತ್ತ ಕೂತರು. ಇಪ್ಪತ್ತು ವರ್ಷದ ಹಿಂದೆ ತೊಟ್ಟಿಲಲ್ಲಿದ್ದ ಮಗು ಈಗ ಮೀಸೆ ಬಿಟ್ಟುಕೊಂಡು ಬಂದಿತ್ತು. ಅಮ್ಮಾವ್ರು ಒಂದು ಸಾಲೂ ತಪ್ಪಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ಅದೇ ಬಸ್ ನಿಲ್ದಾಣದ ದನಿಯಲ್ಲಿ ಓದುತ್ತಿದ್ದರು, ನಾನು ಬೆರಳು ಮಡಿಸಿ ನಿಮಿಷ ಎಣಿಸುತ್ತಿದ್ದೆ.

ಕೊನೆಯ ದೃಶ್ಯ ಹೀಗಿತ್ತು. ಎಲ್ಲರೂ ಹಿತ್ತಲಿಗೆ ಹೋಗಿದ್ದಾರೆ. ಮುಂಬಾಗಿಲ ಗಂಟೆ ಸದ್ದು ಮಾಡುತ್ತದೆ. ಅಮ್ಮಾವ್ರು ಒಬ್ಬರೇ ನಿಧಾನವಾಗಿ ಬಂದು ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಆಗ ಆಕೆಯ ನೆನಪು ಎಂಬಂತೆ ಇಪ್ಪತ್ತು ವರ್ಷದ ಹಳೆಯ ತುಣುಕುಗಳು ನಲವತ್ತು ಸೆಕೆಂಡು ಓಡಬೇಕು. ನಂತರ ಜಾಹೀರಾತು. ಬಂದವರು ಯಾರು ಎಂದು ಮುಂದಿನ ಕಂತಿನಲ್ಲಿ. ಅಮ್ಮಾವ್ರಿಗೆ ಮಾತೇ ಇರಲಿಲ್ಲ. ಹಾಳೆಯೂ ಮುಗಿದಿತ್ತು. ನಾನು ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ನಮ್ಮಿಬ್ಬರ ಕಿವಿಯಲ್ಲೂ ಡೈರೆಕ್ಟರ್ ಕಿರುಚಿದರು: 'ತುಣುಕು ಓಡ್ತಿಲ್ಲ! ಅಮ್ಮಾವ್ರಿಗೆ ಏನಾದ್ರೂ ಕೊಡಿ! ನಲವತ್ತು ಸೆಕೆಂಡು ತುಂಬ್ಸಿ!'

ಟೀವಿಯಲ್ಲಿ ಅಮ್ಮಾವ್ರ ಮುಖ ತುಂಬಿಕೊಂಡಿತ್ತು. ಚಿಲಕ ಹಿಡಿದು, ಕಿವಿಯೊಳಗೆ ಏನು ಬರುತ್ತದೋ ಎಂದು ಕಾಯುತ್ತಿದ್ದರು. ನಾನು ಪೆನ್ನು ತೆಗೆದೆ. ಮುಚ್ಚಳ ತೆಗೆದೆ. ಐದು ಸಾವಿರ ಕಂತು ಬರೆದ ಈ ಮಹಾಶಯನ ತಲೆಯಲ್ಲಿ ಒಂದು ಅಕ್ಷರ ಇರಲಿಲ್ಲ. ಮೇಷ್ಟ್ರು ನನ್ನ ಕಡೆ ನೋಡಿದರು. ಕೈಯಲ್ಲಿದ್ದ ಕೊನೇ ಹಾಳೆಯನ್ನು ಮಗುಚಿ, ಖಾಲಿ ಬೆನ್ನನ್ನು ದೀಪಕ್ಕೆ ಹಿಡಿದು, ಅದರ ಮೇಲೆ ಕಣ್ಣಾಡಿಸುತ್ತಾ ಓದತೊಡಗಿದರು.

'ಅವತ್ತು ನಂಗೆ ಗೊತ್ತೇ ಆಗ್ಲಿಲ್ಲ ಅಂದಿದ್ದೆ.'

ಬಾಗಿಲ ಮುಂದೆ ಅಮ್ಮಾವ್ರ ತುಟಿ ಅದುರಿತು. 'ಅವತ್ತು ನಂಗೆ... ಗೊತ್ತೇ ಆಗ್ಲಿಲ್ಲ ಅಂದಿದ್ದೆ.'

'ಅದು ಸುಳ್ಳು. ಮೂರು ಗಂಟೆಗೇ ಗೊತ್ತಾಗಿತ್ತು.'

'ಅದು ಸುಳ್ಳು. ಮೂರು ಗಂಟೆಗೇ ಗೊತ್ತಾಗಿತ್ತು.'

'ಕೈಯಲ್ಲಿರೋ ಕೆಲಸ ಒಂದು ಮುಗಿಸಿ ಹೋಗೋಣ, ಕಾಯ್ತಾರೆ ಅಂದ್ಕೊಂಡೆ. ಕಾಯಲಿಲ್ಲ.' ಅದೇ ದನಿ, ಒಂದು ಕೂದಲೆಳೆ ಏರಿಳಿತ ಇಲ್ಲ. 'ಹತ್ತು ವರ್ಷ ಆಯ್ತು. ದಿನಾ ಮಾತಾಡ್ತೀನಿ. ನಂದು ಅಂತ ಒಂದು ಮಾತೂ ಆಡಿಲ್ಲ. ಆಡಿದ್ರೂ ಕೇಳೋರಿಲ್ಲ. ಬಾಗಿಲು ತೆಗಿ ಅಕ್ಕಾ.'

ಅಮ್ಮಾವ್ರು ಬಾಗಿಲಿಗೆ ಹಣೆ ಆನಿಸಿ, ಇಪ್ಪತ್ತು ವರ್ಷದಲ್ಲಿ ನಾನು ಕೇಳದಿದ್ದ ಒಂದು ದನಿಯಲ್ಲಿ ಹೇಳಿದರು: 'ಬಾಗಿಲು ತೆಗಿ ಅಕ್ಕಾ.' ಅಷ್ಟರಲ್ಲಿ ಡೈರೆಕ್ಟರ್, 'ತುಣುಕು ಬಂತು, ಬಂತು!' ಎಂದರು. ಪರದೆಯ ಮೇಲೆ ಹಳೇ ಮದುವೆಗಳೂ ಹಳೇ ಬೆಂಕಿಯೂ ಓಡಿದವು.

ಮೂರು ಗಂಟೆ ಅಂದದ್ದು ಕೇಳಿದಾಗ ನನಗೂ ಒಂದು ನೆನಪು ಬಂದಿತ್ತು. ಹತ್ತು ವರ್ಷದ ಹಿಂದೆ, ಅವತ್ತು ಮಧ್ಯಾಹ್ನ ಆಫೀಸಿನ ಮೇಡಂ ಬಂದು ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿ ಹೋದದ್ದನ್ನು ನಾನು ನೋಡಿದ್ದೆ. 'ಏನಂತೆ ಮೇಷ್ಟ್ರೇ?' ಎಂದಿದ್ದೆ. 'ಏನಿಲ್ಲ, ಮುಂದಿನ ಹಾಳೆ ಕೊಡಿ' ಎಂದಿದ್ದರು. ಆ ಹಾಳೆಯಲ್ಲಿದ್ದದ್ದು ಬದುಕಿ ಬಂದ ಮಗನನ್ನು ಅಪ್ಪಿಕೊಂಡು ಅಮ್ಮಾವ್ರು ಆಡುವ ಮಾತು. ಎರಡು ಪುಟ. ಎಂಟು ಸಲ ಟೇಕ್ ಆಗಿ ಮುಗಿಯುವಾಗ ಐದೂವರೆ. ಅರ್ಧ ಪುಟದಲ್ಲಿ ಮುಗಿಸಬಹುದಾದದ್ದನ್ನು ವಿಶೇಷ ಸಂಚಿಕೆಯೆಂದು ಎಳೆದು ಎಳೆದು ಬರೆದವನು ನಾನು.

ಗೂಡಿನ ಬಾಗಿಲು ತಳ್ಳಿಕೊಂಡು ಡೈರೆಕ್ಟರ್ ಬಂದು ನನ್ನನ್ನು ಎತ್ತಿಯೇ ಬಿಟ್ಟರು. 'ರೈಟ್ರೇ, ಏನ್ ಕೊಟ್ರಿ! ನಿಂತ ನಿಲುವಲ್ಲಿ! ಆ ಅಕ್ಕ ಯಾರು? ನಂಗೂ ಹೇಳ್ಲಿಲ್ವಲ್ಲ!' ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಾನೆಲ್ಲಿನವರೂ ಬಂದರು, ಎಲ್ಲರೂ ಕೈ ಕುಲುಕಿದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಎಲ್ಲ ಹೋದ ಮೇಲೆ ತಿರುಗಿದರೆ ಮೇಷ್ಟ್ರು ದೀಪ ಆರಿಸಿ ಹಾಳೆಗಳನ್ನು ಅಂಚು ಸರಿಮಾಡಿ ಜೋಡಿಸುತ್ತಿದ್ದರು.

'ತಪ್ಪಾಯ್ತು ರೈಟ್ರೇ. ಹಾಳೇಲಿ ಇಲ್ದಿದ್ದು ಓದ್ಬಿಟ್ಟೆ' ಎಂದರು.

ಅಮ್ಮಾವ್ರು ಮೇಕಪ್ ತೆಗೆಯುತ್ತಾ, 'ಎಲ್ಲಾ ಹೊಗಳ್ತಿದಾರಲ್ಲ, ಕೊನೇಲಿ ನಾನೇನಂದೆ ಮೇಷ್ಟ್ರೇ?' ಎಂದು ಕೇಳಿದರು. ಆಕೆಗೆ ನಿಜವಾಗಿ ನೆನಪಿರಲಿಲ್ಲ. 'ಚೆನ್ನಾಗಿ ಅಂದ್ರಿ ಅಮ್ಮಾ' ಎಂದರು ಮೇಷ್ಟ್ರು.

ಮಾರನೇ ದಿನದಿಂದ ಆ ತುಣುಕು ಎಲ್ಲರ ಫೋನಿನಲ್ಲಿ. ನಮ್ಮ ಯಜಮಾನಿಗೆ ಅಕ್ಕ ಇದ್ದಾಳೆಂದು ಐದು ಸಾವಿರ ಕಂತಿನಲ್ಲಿ ಒಮ್ಮೆಯೂ ಬಂದಿರಲಿಲ್ಲವಾದರೂ ಜನಕ್ಕೆ ಅದೇ ರೋಮಾಂಚನ. ಯಾರು ಆ ಅಕ್ಕ, ಮೂರು ಗಂಟೆಗೆ ಏನಾಗಿತ್ತು? ಚಾನೆಲ್ಲಿನವರು ಸಭೆ ಕರೆದು, ಮುಂದಿನ ತಿಂಗಳಿಂದ ಅಕ್ಕನ ಪಾತ್ರ ಶುರು, ಆರು ತಿಂಗಳ ಕಥೆ ಬರೆದು ತನ್ನಿ ಎಂದು ಅಪ್ಪಣೆ ಮಾಡಿದರು. ಅಕ್ಕನ ಪಾತ್ರಕ್ಕೆ ನಟಿಯರ ಪಟ್ಟಿಯೂ ಸಿದ್ಧವಾಯಿತು. ನಾನು ಬರೆಯಲು ಕೂತೆ. ಮೂರು ಸಾಲು ಬರೆದು ಹರಿದು ಹಾಕಿದೆ. ಕದ್ದ ಮಾಲನ್ನು ಮಾಲೀಕನ ಎದುರಿಗೇ ಮಾರುವಷ್ಟು ಗಟ್ಟಿ ಚರ್ಮ ನನ್ನದಲ್ಲ ಎಂದು ಅವತ್ತು ಗೊತ್ತಾಯಿತು.

ಮೇಷ್ಟ್ರಿಗೆ ಈ ಗದ್ದಲ ಯಾವುದೂ ಬೇಕಿರಲಿಲ್ಲ. ಅವರು ಫೋನಿಗೆ ಕಾಯುತ್ತಿದ್ದರು. ಯಾವಾಗಲೂ ಚೀಲದಲ್ಲಿಟ್ಟು ಮರೆಯುತ್ತಿದ್ದ ಫೋನು ಈಗ ಅಂಗಿಯ ಜೇಬಿನಲ್ಲಿ ಇತ್ತು. ಓದುವ ನಡುವೆ ಒಮ್ಮೊಮ್ಮೆ ಅದರ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಮಂಗಳವಾರ ಹೋಯಿತು. ಶುಕ್ರವಾರವೂ ಹೋಯಿತು. 'ನಾನು ಎಲ್ಲಿ ಮಾತು ತಡೀತೀನಿ ಅಂತ ಅವಳಿಗೆ ಗೊತ್ತಾಗ್ದೇ ಇರಲ್ಲ. ಯೋಚ್ನೆ ಮಾಡ್ತಿರ್ತಾಳೆ' ಎಂದರು ಶನಿವಾರ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ನನಗೆ ತಡೆಯಲಾಗಲಿಲ್ಲ. 'ನಾಳೆ ಬೆಳಿಗ್ಗೆ ಸ್ಕೂಟರ್ ತರ್ತೀನಿ, ಹೋಗೋಣ. ತೆಗೀದಿದ್ರೆ ವಾಪಸ್ ಬರೋಣ' ಎಂದೆ. ಅವರು ಬೇಡ ಅನ್ನಲಿಲ್ಲ.

ಒಂದು ಗಂಟೆಯ ದಾರಿ. ಅವತ್ತು ಮೂರಕ್ಕೆ ಹೊರಟಿದ್ದರೆ ನಾಲ್ಕಕ್ಕೆ ಬಂದು ಸೇರಬಹುದಿತ್ತು ಎಂಬ ಲೆಕ್ಕ ಇಬ್ಬರ ತಲೆಯಲ್ಲೂ ಓಡುತ್ತಿತ್ತು, ಇಬ್ಬರೂ ಅದನ್ನು ಆಡಲಿಲ್ಲ. ನಾಲ್ಕು ಸಂಸಾರಗಳ ಹಳೇ ಕಟ್ಟಡ, ಕೆಳಗಿನ ಮನೆ ಅಕ್ಕನದು. ಬಾಗಿಲಿಗೆ ಮೂರು ಸಿಮೆಂಟಿನ ಮೆಟ್ಟಿಲು. ನಾನು ಗೇಟಿನ ಹತ್ತಿರ ಸ್ಕೂಟರ್ ಹಿಡಿದು ನಿಂತೆ. ಮೇಷ್ಟ್ರು ಹೋಗಿ ಗಂಟೆ ಒತ್ತಿದರು.

ಬಾಗಿಲು ತೆರೆಯಿತು. ದಪ್ಪ ಕನ್ನಡಕದ, ತೀರಾ ಸಣ್ಣಗಾದ ಹೆಂಗಸು. ತಮ್ಮನನ್ನು ನೋಡಿ ಆಕೆ ಬಾಗಿಲು ಹಾಕಲಿಲ್ಲ, ಬಾ ಎನ್ನಲೂ ಇಲ್ಲ.

'ನೋಡಿದ್ಯಾ ಅಕ್ಕಾ?' ಎಂದರು ಮೇಷ್ಟ್ರು.

'ಏನನ್ನ?'

'ಸೋಮವಾರದ ವಿಶೇಷ ಸಂಚಿಕೆ. ಕೊನೇಲಿ...'

'ನಮ್ಮನೇಲಿ ಟೀವಿ ಎಲ್ಲಿದೆ? ನಿನ್ನ ಭಾವ ತೀರ್ಕೊಂಡ ವಾರಾನೇ ಮೇಲಿನ ಮನೆಯವರಿಗೆ ಕೊಟ್ಬಿಟ್ಟೆ.'

ಮೇಷ್ಟ್ರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ಕುಗ್ಗಿದ್ದನ್ನು ನಾನು ನೋಡಿದೆ. ಹತ್ತು ವರ್ಷ ದಿನ ತಪ್ಪದೆ ಅವರು ಓದಿದ್ದು ಯಾರಿಗೂ ಅಲ್ಲ. ಕೇಳಿಸಿಕೊಳ್ಳುವವರ ಮನೆಯಲ್ಲಿ ಪೆಟ್ಟಿಗೆಯೇ ಇರಲಿಲ್ಲ. ನನಗೆ ಸ್ಕೂಟರ್ ಬಿಟ್ಟು ಓಡಿಹೋಗೋಣ ಅನಿಸಿತು.

ಅವರ ಕೈ ಜೇಬಿಗೆ ಹೋಯಿತು. ಹಾಳೆ ಹುಡುಕುತ್ತಿದ್ದಾರೆ ಎಂದು 'ಅಯ್ಯೋ' ಎನ್ನುವಂತಾಯಿತು ನನಗೆ. ಜೇಬಿನಲ್ಲಿ ಫೋನು ಮಾತ್ರ ಇತ್ತು. ಕೈ ಹೊರಗೆ ಬಂತು. ಆಮೇಲೆ ಅವರು ಮಾತಾಡಿದರು. ನನಗೆ ಗೊತ್ತಿದ್ದ ದನಿ ಅದಾಗಿರಲಿಲ್ಲ. ಎಲ್ಲೆಲ್ಲೋ ಏರಿತು, ನಡುವೆ ಒಡೆಯಿತು, ಕೊನೆಯ ಅಕ್ಷರಗಳನ್ನೆಲ್ಲ ನುಂಗಿತು. 'ಅಕ್ಕಾ, ಅವತ್ತು... ಬುಟ್ಟೀಲಿ ಫೋನಿತ್ತು, ಅದು ನಿಜ, ಆದ್ರೆ ಮೂರಕ್ಕೆ... ಆಫೀಸಿನವ್ರು ಬಂದು ಹೇಳಿದ್ರು ಕಣೇ. ನಂಗೆ ಗೊತ್ತಿತ್ತು. ಒಂದೇ ಸೀನು ಅಂತ... ನಾನು ಹೋದ್ರೆ ಎಲ್ಲಾ ನಿಲ್ಲುತ್ತೆ ಅಂತ... ನಾನು ಬರ್ಬೋದಿತ್ತು ಅಕ್ಕಾ. ಬರ್ಬೋದಿತ್ತು.'

'ಗೊತ್ತು' ಎಂದರು ಅಕ್ಕ.

'ಗೊತ್ತಾ?'

'ಮೂರಕ್ಕೆ ಫೋನ್ ಮಾಡಿದ್ದು ನಾನೇ ಅಲ್ವೇನೋ. ಆ ಮೇಡಮ್ಮು ನಿಂಗೆ ಹೇಳಿ ಬಂದು, ಹೇಳಿದೀನಿ, ಈಗ ಹೊರಡ್ತಾರೆ ಅಂದ್ರು.' ಆಕೆ ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸತೊಡಗಿದರು. 'ನಿನ್ನ ಭಾವ ಕೇಳ್ತಾನೇ ಇದ್ರು. ಮೂರೂವರೆಗೆ ಕೇಳಿದ್ರು, ಹೊರಟಿದಾನೆ ಅಂದೆ. ನಾಲ್ಕಕ್ಕೆ ಕೇಳಿದ್ರು, ಬಸ್ಸಲ್ಲಿದಾನೆ ಅಂದೆ. ನಾಲ್ಕೂವರೆಗೆ ಉಸಿರು ಸಿಗ್ತಿರಲಿಲ್ಲ, ಆಗ್ಲೂ ನಿನ್ನ ಹೆಸರೇ. ಬಂದ ಅಂದ್ಬಿಟ್ಟೆ. ಓಡಿ ಬಂದಿದಾನೆ, ಏದುಸಿರು ಬಿಡ್ತಿದಾನೆ, ಮೆಟ್ಲ ಮೇಲೆ ಕೂತಿದಾನೆ, ಸುಧಾರಿಸ್ಕೊಂಡು ಒಳಗೆ ಬರ್ತಾನೆ ಅಂದೆ. ತಲೆ ಆಡ್ಸಿದ್ರು. ಹಾಗೇ ಹೋದ್ರು.'

ಒಂದು ಗಾಜು ಮುಗಿಸಿ ಅಕ್ಕ ಇನ್ನೊಂದನ್ನು ಒರೆಸತೊಡಗಿದರು.

'ಜೊತೇಲಿದ್ದಷ್ಟು ವರ್ಷ ಅವರಿಗೆ ಒಂದು ಸುಳ್ಳು ಹೇಳಿದವಳಲ್ಲ ನಾನು. ಹೋಗೋ ಹೊತ್ತಲ್ಲಿ ಹೇಳ್ದೆ. ನಿನ್ನ ಮುಖ ನೋಡಿದ್ರೆ ಅದೇ ಎದುರಿಗೆ ಬಂದು ನಿಲ್ಲುತ್ತೆ ಕಣೋ. ಬಾಗಿಲು ಹಾಕ್ಕೊಂಡಿದ್ದು ಅದಕ್ಕೆ. ನಿನ್ನ ಮೇಲಿನ ಸಿಟ್ಟಿಗಲ್ಲ.'

ಮೇಷ್ಟ್ರು ತಮ್ಮ ಕಾಲ ಬಳಿಯ ಮೆಟ್ಟಿಲನ್ನು ನೋಡಿದರು. ಅಕ್ಕನ ಕಡೆ ಒಮ್ಮೆ ನೋಡಿ, ಗೋಡೆ ಹಿಡಿದುಕೊಂಡು, ನಡುವಿನ ಮೆಟ್ಟಿಲ ಮೇಲೆ ಕೂತರು. ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದ ಅವರ ಹೆಗಲು ಅಲುಗುತ್ತಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ತಮ್ಮನ ತಲೆಯನ್ನು ನೋಡುತ್ತಾ ನಿಂತರು, ಆಮೇಲೆ ಬಾಗಿಲು ಹಾಕದೆ ಒಳಗೆ ಹೋದರು. ಪಾತ್ರೆಯ ಸದ್ದು, ನಲ್ಲಿಯ ಸದ್ದು ಕೇಳಿಸಿತು. ನಾನು ಗೇಟಿನ ಹೊರಗೆ ನಿಂತೇ ಇದ್ದೆ. ಹೋಗಲೂ ಆಗಲಿಲ್ಲ, ನಿಲ್ಲಲೂ ಸಂಕೋಚ.

ಎಷ್ಟೋ ಹೊತ್ತಿನ ಮೇಲೆ ಒಳಗಿಂದ ದನಿ ಬಂತು. 'ಸುಧಾರಿಸ್ಕೊಂಡ್ಯಾ?'

'ಇನ್ನೊಂದ್ ಸ್ವಲ್ಪ ಅಕ್ಕಾ' ಎಂದರು ಮೇಷ್ಟ್ರು.